ಜಾಗ ಸಾಲದ ಗಾಡಿ

ಕಾತ್ಯಾಯನಿ ಗಣಿತದ ಟೀಚರು. ಮಡಿಕೇರಿಯ ಒಂದು ಹೈಸ್ಕೂಲಿನಲ್ಲೇ ಮೂವತ್ತೊಂದು ವರ್ಷ ಕಪ್ಪು ಹಲಗೆಯ ಮುಂದೆ ನಿಂತವಳಿಗೆ ಕಾರು ಕೊಳ್ಳುವುದೂ ಒಂದು ಲೆಕ್ಕವಾಗಿಯೇ ಕಂಡಿತು. ಚೌಕದ ಗೆರೆಗಳ ನೋಟುಪುಸ್ತಕ ತೆಗೆದು, ಹಾಳೆಯ ನಡುವೆ ಸ್ಕೇಲಿಟ್ಟು ಗೆರೆ ಎಳೆದಳು. ಎಡಕ್ಕೆ ಚಿಕ್ಕ ಕಾರು, ಬಲಕ್ಕೆ ನಡುಗಾತ್ರದ ಕಾರು. ಹದಿನೈದು ದಿನದಿಂದ ಶಾಲೆ ಮುಗಿಸಿ ಬಂದು, ಒಂದು ಲೋಟ ಕಾಫಿ ಮಾಡಿಕೊಂಡು, ಎರಡಕ್ಕೂ ಅಂಕ ಕೊಡುತ್ತ ಕೂರುವುದೇ ಅವಳ ಸಂಜೆಯಾಗಿತ್ತು. ಒಂದು ಲೋಟ ಎಂದರೆ ಒಂದೇ ಲೋಟ. ಆ ಮನೆಯ ಶೆಲ್ಫಿನಿಂದ ಎರಡನೆಯ ಲೋಟ ಕೆಳಗಿಳಿದು ಎಷ್ಟು ದಿನವಾಯಿತೆಂದು ಅವಳೇ ಹೇಳಲಾರಳು.

ಚಿಕ್ಕದಕ್ಕೆ ಮೈಲೇಜಿನಲ್ಲಿ ಒಂಬತ್ತು ಅಂಕ, ಮಡಿಕೇರಿಯ ಇಕ್ಕಟ್ಟು ಓಣಿಗಳಲ್ಲಿ ತಿರುಗಿಸುವ ಸುಲಭಕ್ಕೆ ಹತ್ತಕ್ಕೆ ಹತ್ತು. ದೊಡ್ಡದಕ್ಕೆ ನೆಲದಿಂದ ಇರುವ ಎತ್ತರಕ್ಕೆ ಒಂಬತ್ತು, ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಹಿಂದಕ್ಕೆ ಜಾರದಂತೆ ತಾನೇ ಹಿಡಿದುಕೊಳ್ಳುತ್ತದಂತೆ, ಅದಕ್ಕೆ ಹತ್ತು. ಮರುಮಾರಾಟದ ಬೆಲೆಗೆ ಮಾತ್ರ ಅವಳು ಹತ್ತರ ಬದಲು ಇಪ್ಪತ್ತು ಅಂಕ ಇಟ್ಟಿದ್ದಳು. ಒಂಬತ್ತು ವರ್ಷದ ಹಿಂದೆ ಮೊದಲ ಕಾರು ಕೊಂಡಾಗ ಡ್ರಾಯಿಂಗ್ ಮೇಷ್ಟ್ರು ಶಾಮಣ್ಣನವರು ಒಂದು ಮಾತು ಹೇಳಿದ್ದರು: "ಟೀಚರೇ, ಗಾಡಿಯ ಬೆಲೆ ಕೊಳ್ಳೋ ದಿನ ಗೊತ್ತಾಗಲ್ಲ, ಮಾರೋ ದಿನ ಗೊತ್ತಾಗೋದು." ಆ ಮಾತನ್ನು ಅವಳು ಪ್ರಮೇಯದ ಹಾಗೆ ಬಾಯಿಪಾಠ ಮಾಡಿಟ್ಟುಕೊಂಡಿದ್ದಳು.

ಕೂಡಿದಾಗ ಚಿಕ್ಕದೇ ಗೆದ್ದಿತ್ತು, ಏಳು ಅಂಕದಿಂದ. ಆದರೂ ಅವಳು ಕೊಳ್ಳಬೇಕೆಂದಿದ್ದುದು ದೊಡ್ಡದನ್ನು.

ಕಾರಣ, ತಂಗಿ ಶರಣ್ಯಾಳ ಒಂದು ಮಾತು. ಶರಣ್ಯಾ ಇರುವುದು ಮಾದಾಪುರದಲ್ಲಿ. ಗಂಡ ಅನಂತಕೃಷ್ಣ, ಅತ್ತೆ, ಮಗಳು ತನ್ಮಯೀ. ತನ್ಮಯೀಗೆ ಮಂಗಳೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಬರುವ ಗುರುವಾರ ಹಾಸ್ಟೆಲಿಗೆ ಬಿಡಬೇಕು. ಸುದ್ದಿ ಕೇಳಿದ ದಿನವೇ ಕಾತ್ಯಾಯನಿ, "ನಾನೇ ಕರ್ಕೊಂಡು ಹೋಗ್ತೀನಿ, ಎಲ್ಲರೂ ನನ್ನ ಗಾಡೀಲೇ ಹೋಗೋಣ" ಎಂದಿದ್ದಳು. ಶರಣ್ಯಾ ಯಾವಾಗಲೂ ಹೇಳುವುದನ್ನೇ ಹೇಳಿದ್ದಳು: "ನಿನ್ನ ಗಾಡೀಲಿ ಜಾಗ ಸಾಲಲ್ಲ ಅಕ್ಕ."

ಭಾಗಮಂಡಲಕ್ಕೆ ಹೋಗುವಾಗಲೂ ಇದೇ ಮಾತು, ಮೈಸೂರಿನ ಮದುವೆಗೂ ಇದೇ ಮಾತು. ಗಣಿತದವರಿಗೆ ಒಂದು ಗುಣವಿದೆ, ಹೇಳಿದ್ದನ್ನು ಹೇಳಿದಷ್ಟೇ ಎಂದು ತಿಳಿಯುವುದು. ಜಾಗ ಸಾಲದಿದ್ದರೆ ಜಾಗ ಹೆಚ್ಚಿಸಬೇಕು, ಅಷ್ಟೇ ತಾನೆ. ಡಿಕ್ಕಿಯಲ್ಲಿ ಹಾಸಿಗೆ ಸುರುಳಿ, ಎರಡು ಸೂಟ್‌ಕೇಸು, ಬಕೆಟ್ಟು ಹಿಡಿಯುತ್ತದೆಯೇ ಎಂದು ಅವಳು ಅಳತೆ ಸಮೇತ ಬರೆದುಕೊಂಡಳು. ಶನಿವಾರ ಬೆಳಿಗ್ಗೆ ಹಳೆಯ ಕಾರನ್ನು ಒರೆಸಿ ಕುಶಾಲನಗರಕ್ಕೆ ಇಳಿದಳು. ಹಳೆಯದನ್ನು ಕೊಟ್ಟು ಹೊಸದು ಬುಕ್ ಮಾಡಿ, ಆಮೇಲೆ ತಂಗಿಗೆ ಫೋನು ಮಾಡುವುದೆಂದು ಲೆಕ್ಕ ಹಾಕಿದ್ದಳು. ಬಿಳಿ ಬಣ್ಣದ್ದಾದರೆ ಬುಧವಾರವೇ ಕೈಗೆ ಬರುತ್ತದೆಂದು ಷೋರೂಮಿನವರು ಹೇಳಿದ್ದರು.

ಷೋರೂಮಿನಲ್ಲಿ ತೇಜಸ್ವಿನಿ ಎಂಬವಳು ಎದುರುಗೊಂಡಳು. ಮೂವತ್ತರ ಹೆಂಗಸು, ಹೆಬ್ಬಾಲೆ ಕಡೆಯ ಬೇಸಾಯದ ಮನೆಯವಳು, ಮಾತು ನೀರು ಕುಡಿದಷ್ಟು ಸಲೀಸು.

"ಮನೇಲಿ ಎಷ್ಟು ಜನ ಮೇಡಂ?"

"ಐದು," ಎಂದಳು ಕಾತ್ಯಾಯನಿ. ಸುಳ್ಳೆಂದು ಅನ್ನಿಸಲಿಲ್ಲ. ತಂಗಿಯ ಮನೆಯ ನಾಲ್ವರು, ತಾನೊಬ್ಬಳು. ಕೂಡಿದರೆ ಐದೇ ಅಲ್ಲವೆ.

"ಹಂಗಾದ್ರೆ ಚಿಕ್ಕದು ಬ್ಯಾಡ ಬಿಡಿ. ಹಿಂದೆ ಮೂರು ಜನ ಕೂತ್ರೆ ಮೂರನೇವ್ರು ಮುಖ ಗಂಟು ಹಾಕ್ಕೊಂಡೇ ಇಳೀತಾರೆ. ಇದ್ರಲ್ಲಿ ನೋಡಿ, ಅಜ್ಜಿ ಕಾಲು ಚಾಚ್ಬೋದು. ಹಿಂದಕ್ಕೂ ಎಸಿ ಗಾಳಿ ಬರುತ್ತೆ. ಅಜ್ಜಿ ಇದಾರಾ ಮನೇಲಿ?"

"ಇದ್ದಾರೆ. ತಂಗಿಯ ಅತ್ತೆ."

"ಒಳ್ಳೇದಾಯ್ತು. ರೀಸೇಲ್ ವಿಷ್ಯ ಹೇಳ್ಬೇಕಂದ್ರೆ ಚಿಕ್ಕದಕ್ಕೇ ಜಾಸ್ತಿ, ನಾನು ಸುಳ್ಳು ಹೇಳಲ್ಲ. ಆದ್ರೆ ಮೇಡಂ, ಮಾರೋದಕ್ಕೆ ಅಂತ ಯಾರಾದ್ರೂ ಗಾಡಿ ತಗೊತಾರಾ?"

ಕಾತ್ಯಾಯನಿ ದೊಡ್ಡ ಕಾರಿನ ಹಿಂದಿನ ಬಾಗಿಲು ತೆರೆದು ನೋಡುತ್ತ ನಿಂತಳು. ಕಿಟಕಿಯ ಪಕ್ಕ ಅತ್ತೆ, ನಡುವೆ ಶರಣ್ಯಾ, ಆ ಕಡೆ ಅನಂತಕೃಷ್ಣ. ಮುಂದೆ ತನ್ನ ಎಡಕ್ಕೆ ತನ್ಮಯೀ. ಜೋಡುಪಾಲ ದಾಟಿ ಸಂಪಾಜೆ ಇಳಿಯುವಾಗ ಹುಡುಗಿ ಏನಾದರೊಂದು ಹೇಳುತ್ತಿರುತ್ತಾಳೆ, ತಾನು ರಸ್ತೆ ನೋಡುತ್ತಲೇ ಹೂಂ ಎನ್ನುತ್ತಿರುವುದು. ಅಷ್ಟನ್ನು ಅವಳು ಹದಿನೈದು ದಿನದಿಂದ ಎಷ್ಟು ಸಲ ಎಣಿಸಿಕೊಂಡಿದ್ದಳೋ, ನೋಟುಪುಸ್ತಕದಲ್ಲಿ ಮಾತ್ರ ಅದಕ್ಕೊಂದು ಸಾಲು ಇರಲಿಲ್ಲ.

ಹೊರಗೆ ಹಳೆಯ ಗಾಡಿಗೆ ಬೆಲೆ ಕಟ್ಟುವ ಪರಮೇಶಪ್ಪ ಕಾಯುತ್ತಿದ್ದ. ಐವತ್ತು ದಾಟಿದ ಆಳು, ಕಿವಿಯ ಮೇಲೆ ಪೆನ್ನು. ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ ಎತ್ತಿ ಮೂಸಿ, ಒಳಗೆ ಕೂತು ಮೀಟರು ನೋಡಿದ.

"ಒಂಬತ್ತು ವರ್ಷಕ್ಕೆ ಮೂವತ್ತೆರಡು ಸಾವ್ರ ಕಿಲೋಮೀಟ್ರು. ನಮ್ಮನೆ ಹಸು ಇದಕ್ಕಿಂತ ಜಾಸ್ತಿ ಓಡಾಡ್ತದೆ ಮೇಡಂ."

"ಶಾಲೆ, ಮನೆ. ಬೇರೆ ಎಲ್ಲಿಗೆ ಹೋಗ್ಲಿ?"

"ಸಿಂಗಲ್ ಓನರ್ರಾ?"

"ಹೌದು."

"ಓಡ್ಸೋರೂ ಒಬ್ರೇನಾ?"

"ಒಬ್ಬಳೇ."

"ಅದು ಬೇಕು ನಮಗೆ. ಒಬ್ರೇ ಇದ್ದ ಗಾಡಿಗೆ ಬೆಲೆ ಜಾಸ್ತಿ," ಎಂದು ಅವನು ಚೀಟಿಯಲ್ಲಿ ಗುರುತು ಹಾಕಿಕೊಂಡ. ಒಬ್ಬಳೇ ಎಂಬ ಮಾತಿಗೆ ಬೆಲೆ ಏರಿದ್ದನ್ನು ಕಾತ್ಯಾಯನಿ ತನ್ನ ಜೀವಮಾನದಲ್ಲಿ ಅದೇ ಮೊದಲು ಕೇಳಿದ್ದು. ನಗು ಬಂತು, ನಗಲಿಲ್ಲ.

ಪರಮೇಶಪ್ಪ ಎಡಗಡೆಯ ಸೀಟ್ ಬೆಲ್ಟು ಎಳೆದ. ಅದು ಕಿರ್ರೆನ್ನುತ್ತ ಬಂತು. "ಇದನ್ನ ಯಾರೂ ಹಾಕ್ಕೊಂಡೇ ಇಲ್ವಲ್ಲ." ಹಿಂದೆ ಹೋಗಿ ಕಿಟಕಿ ಇಳಿಸಲು ನೋಡಿದ. ಬಿಗಿದಿತ್ತು. "ಇದನ್ನ ಇಳಿಸೇ ಇಲ್ಲ." ಹೊಗಳುತ್ತಿದ್ದಾನೆಂದೇ ಅವಳಿಗೆ ತಿಳಿದಿತ್ತು. ಆದರೂ ಯಾರೋ ತನ್ನ ಒಂಬತ್ತು ವರ್ಷವನ್ನು ಬಾಗಿಲು ಬಾಗಿಲಾಗಿ ತೆರೆದು ಓದುತ್ತಿರುವ ಹಾಗಾಯಿತು.

ಸೀಟುಗಳ ಮೇಲೆ ಕಂಪನಿಯ ಪ್ಲಾಸ್ಟಿಕ್ಕು ಹಾಗೇ ಇತ್ತು. ಡ್ರೈವರ್ ಸೀಟಿನದನ್ನು ಮಾತ್ರ, ಸೀರೆ ಜಾರುತ್ತದೆಂದು ಮೊದಲ ವಾರವೇ ತೆಗೆದಿದ್ದಳು. ಉಳಿದವನ್ನು ಮಾರುವ ದಿನಕ್ಕೆಂದು ಕಾಪಾಡಿದ್ದಳು. ಒಮ್ಮೆ ಶಾಲೆಯ ಅಡುಗೆಯ ಚೋಮಿ ಬಸ್‌ಸ್ಟಾಂಡಿನಲ್ಲಿ ನೆನೆಯುತ್ತ ನಿಂತಿದ್ದಾಗ ಕಾತ್ಯಾಯನಿ ಗಾಡಿ ನಿಲ್ಲಿಸಿದ್ದಳು, ನಿಲ್ಲಿಸಿ, ಆ ಪ್ಲಾಸ್ಟಿಕ್ಕಿನ ಮೇಲೆ ಮತ್ತೆ ಪೇಪರು ಹಾಸತೊಡಗಿದ್ದಳು. ಚೋಮಿ ನೋಡಿ, "ಬೇಡ ಟೀಚರೇ, ಬಸ್ಸು ಬಂತು" ಎಂದಳು. ಬಸ್ಸು ಬಂದಿರಲಿಲ್ಲ.

"ತೆಗೀಲಾ?" ಎಂದು ಕೇಳಿ ಪರಮೇಶಪ್ಪ ಹಿಂದಿನ ಸೀಟಿನ ಪ್ಲಾಸ್ಟಿಕ್ಕನ್ನು ಅಂಚಿನಿಂದ ಸುಲಿದ.

ಒದ್ದೆ ಗೋಣಿಚೀಲದ ವಾಸನೆ ಎದ್ದಿತು. ಬಟ್ಟೆಯ ಮೇಲೆ ಕಪ್ಪಗೆ, ಅಲ್ಲಲ್ಲಿ ಹಸಿರಾಗಿ, ಬೂಷ್ಟು ಹರಡಿತ್ತು. ಅವನು ಹೆಬ್ಬೆರಳಿನಿಂದ ಒತ್ತಿದ. ಬಟ್ಟೆ ಹರಿದು ಒಳಗಿನ ಸ್ಪಂಜು ಹುಳಿಹಿಟ್ಟಿನ ಹಾಗೆ ಕುಸಿಯಿತು. ಎಡಗಡೆಯ ಮುಂದಿನ ಸೀಟನ್ನೂ ಸುಲಿದ. ಅದೂ ಹಾಗೆಯೇ.

ಕಾತ್ಯಾಯನಿ ನೋಡುತ್ತಲೇ ನಿಂತಳು. "ಮೊದಲ ವರ್ಷ ಬಿಟ್ಟರೆ ನಾನು ಯಾರನ್ನೂ ಕೂರಿಸಲಿಲ್ಲ. ಒಂದು ಕಲೆ ಬೀಳೋಕೆ ಬಿಡಲಿಲ್ಲ."

"ಅದೇ ಆಗಿರೋದು. ಒಂಬತ್ತು ಮಳೆಗಾಲ, ಮಡಿಕೇರಿ ಮಂಜು. ಒಳಗೆ ಹೋದ ತೇವ ಹೊರಗೆ ಬರ್ಲಿಲ್ಲ. ನಿಮ್ಮ ಸೀಟು ನೋಡಿ, ಸವೆದೈತೆ, ಆದ್ರೆ ಗಟ್ಟಿ ಐತೆ. ಜನ ಕೂತ್ರೆ ಸೀಟು ಬೆಚ್ಚಗಾಯ್ತದೆ, ಒಣಗ್ತದೆ. ಯಾರೂ ಕೂರ್ದಿದ್ರೆ ನೀರು ಬಂದು ಕೂರ್ತದೆ." ಹೇಳಿಬಿಟ್ಟ ಮೇಲೆ ಅವಳ ಮುಖ ನೋಡಿ ದನಿ ತಗ್ಗಿಸಿದ. "ಬೇಜಾರ್ ಮಾಡ್ಕೋಬೇಡಿ. ಘಟ್ಟದ ಮೇಲಿನ ಗಾಡಿಗಳಿಗೆಲ್ಲ ಏನಾದ್ರೊಂದು ಇದ್ದೇ ಇರ್ತದೆ. ಸೀಟು ಪೂರ್ತಿ ಬದಲಾಯಿಸ್ಬೇಕು, ಬೆಲೆಯಲ್ಲಿ ಅಷ್ಟು ಮುರ್ಕೋತೀನಿ."

ಅವನು ಬರೆದ ಅಂಕೆ ಅವಳು ಅಂದುಕೊಂಡಿದ್ದಕ್ಕಿಂತ ಬಹಳ ಕೆಳಗಿತ್ತು. ಆಶ್ಚರ್ಯವೆಂದರೆ ಅದರ ಬಗ್ಗೆ ಅವಳಿಗೆ ವಾದ ಮಾಡಬೇಕೆನಿಸಲಿಲ್ಲ. ಹೋಗಲಿ, ದೊಡ್ಡ ಗಾಡಿ ಬಂದರೆ ಜನ ಬರುತ್ತಾರೆ. ಬುಕ್ ಮಾಡುವವರೆಗೂ ಕಾಯುವ ಸಮಾಧಾನ ಉಳಿದಿರಲಿಲ್ಲ. ಷೋರೂಮಿನ ಮಾಡಿನ ಕೆಳಗೆ ಸರಿದು ತಂಗಿಗೆ ಫೋನು ಹಚ್ಚಿದಳು.

"ಶರಣ್ಯಾ, ಗುರುವಾರದ ಬಗ್ಗೆ ಯೋಚನೆ ಬಿಡು. ದೊಡ್ಡ ಗಾಡಿ ತಗೊಳ್ತಿದೀನಿ. ಐದು ಜನ ಆರಾಮಾಗಿ ಕೂರಬಹುದು. ಡಿಕ್ಕಿಯಲ್ಲಿ ಅವಳ ಹಾಸಿಗೆ, ಸೂಟ್‌ಕೇಸು, ಬಕೆಟ್ಟು ಎಲ್ಲ ಹಿಡಿಯುತ್ತೆ. ನಾನು ಅಳತೆ ಮಾಡಿದೀನಿ."

ಆ ಕಡೆ ಕುಕ್ಕರಿನ ಸದ್ದು ಕೇಳಿಸಿತು.

"ಗಾಡಿ ಆಗಿದೆ ಅಕ್ಕ. ಪಕ್ಕದ ಮನೆ ಮುದ್ದಿ ಇದಾಳಲ್ಲ, ಅವಳ ಮಗಳೂ ಅದೇ ಕಾಲೇಜು ಸೇರ್ತಿದಾಳೆ. ಅವರ ಓಮ್ನಿ ಇದೆಯಲ್ಲ, ಅದ್ರಲ್ಲೇ ಎಲ್ಲರೂ ಹೋಗೋಣ ಅಂತ ಆಯ್ತು."

"ಆ ಹಳೇ ಓಮ್ನೀಲಾ? ಎಷ್ಟು ಜನ?"

"ನಾವು ನಾಲ್ಕು, ಅವರು ಮೂರು."

"ಏಳು ಜನ. ಎರಡು ಮಕ್ಕಳ ಸಾಮಾನು ಬೇರೆ. ಜಾಗ ಎಲ್ಲಿದೆ ಅದ್ರಲ್ಲಿ?"

"ಹೇಗೋ ಆಗುತ್ತೆ. ಸಾಮಾನು ಮೇಲೆ ಕಟ್ಟಿದ್ರಾಯ್ತು."

ಕಾತ್ಯಾಯನಿಯ ತಲೆಯೊಳಗೆ ಲೆಕ್ಕ ತಪ್ಪಿತು. ಐದು ಜನಕ್ಕೆ ಸಾಲದ ಜಾಗ ಏಳು ಜನಕ್ಕೆ ಸಾಲುವುದು ಹೇಗೆ? "ನನ್ನ ಗಾಡೀಲಿ ಜಾಗ ಸಾಲಲ್ಲ ಅಂತ ನೀನೇ ತಾನೆ ಅಂದಿದ್ದು. ಅದಕ್ಕೇ ನಾನು..." ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು.

"ಅಕ್ಕ," ಎಂದಳು ಶರಣ್ಯಾ ಮೆತ್ತಗೆ. "ಸಂಪಾಜೆ ಇಳಿಯುವಾಗ ತನ್ಮಯೀಗೆ ಈಗಲೂ ವಾಂತಿ ಬರುತ್ತೆ."

ಅಷ್ಟೇ ಹೇಳಿದ್ದು. ಕಾತ್ಯಾಯನಿಗೆ ಹೊಸ ಗಾಡಿಯ ಮೊದಲ ವರ್ಷ ನೆನಪಾಯಿತು. ಅದೇ ರಸ್ತೆ, ಸುಳ್ಯದ ನೆಂಟರ ಮನೆಗೆ ಹೊರಟಿದ್ದರು. ಒಂಬತ್ತು ವರ್ಷದ ತನ್ಮಯೀ ಹಿಂದಿನಿಂದ, "ದೊಡ್ಡಮ್ಮ, ಹೊಟ್ಟೆ ತೊಳಸ್ತಿದೆ" ಎಂದಳು. ಕಾತ್ಯಾಯನಿ ತಕ್ಷಣ ನಿಲ್ಲಿಸಿದಳು. ಮಗು ರಸ್ತೆ ಬದಿಯಲ್ಲೇ ಕಕ್ಕಿಕೊಂಡಿತು, ಸೀಟಿಗೆ ಒಂದು ಹನಿ ತಾಗಲಿಲ್ಲ. ಫ್ರಾಕು ಮಾತ್ರ ಕೊಳೆಯಾಗಿತ್ತು. ಖಾಲಿ ಆಟೋ ಒಂದು ಇಳಿದು ಬರುತ್ತಿತ್ತು. ಕೈ ಅಡ್ಡ ಹಿಡಿದು ತಾಯಿ-ಮಗಳಿಬ್ಬರನ್ನೂ ಅದಕ್ಕೆ ಹತ್ತಿಸಿ, "ಆಟೋದಲ್ಲಿ ಗಾಳಿ ಚೆನ್ನಾಗಿ ಬರುತ್ತೆ, ಹಿಂದೆ ಬನ್ನಿ" ಎಂದಿದ್ದಳು. ಆಟೋದ ಬಾಡಿಗೆಯನ್ನೂ ತಾನೇ ಕೊಟ್ಟಿದ್ದಳು. ಅದು ಸರಿಯಾದ ಏರ್ಪಾಡೆಂದೇ ಇಷ್ಟು ವರ್ಷ ನಂಬಿದ್ದಳು. ಆ ದಿನದ ನಂತರವೇ ಜಾಗ ಸಾಲದಾದದ್ದು.

"ಇದ್ದೀಯಾ ಅಕ್ಕ?"

"ಇದ್ದೀನಿ." ತಪ್ಪಾಯಿತು ಎನ್ನಬೇಕೆನಿಸಿತು. ತಂಗಿಗೆ, ಅದೂ ಫೋನಿನಲ್ಲಿ, ಆ ಮಾತು ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಬಾಯಿಗೆ ಬಂದದ್ದು ಬೇರೆ. "ಆ ಓಮ್ನೀಲಿ ನನಗೂ ಒಂದು ಕಡೆ ಕೂರೋಕೆ ಆಗುತ್ತಾ?"

"ನಿನಗಾ?"

"ಹ್ಞೂಂ. ಅವಳನ್ನ ಹಾಸ್ಟೆಲ್ಲಿಗೆ ಬಿಡುವಾಗ ನಾನೂ ಇರಬೇಕು ಅಂತ."

ಶರಣ್ಯಾ ಫೋನಿಗೆ ಕೈ ಅಡ್ಡ ಹಿಡಿದು ಯಾರನ್ನೋ ಕೇಳಿದಳು. ಮುದ್ದಿಯನ್ನೇ ಇರಬೇಕು. ಆ ಹೊತ್ತು ಕಾತ್ಯಾಯನಿ, ಫಲಿತಾಂಶದ ಪಟ್ಟಿಯ ಮುಂದೆ ನಿಂತ ಮಕ್ಕಳ ಹಾಗೆ, ಉಸಿರು ಹಿಡಿದು ನಿಂತಿದ್ದಳು.

"ಹೋಗುವಾಗ ಕಷ್ಟ ಅಕ್ಕ. ಮುದ್ದಿನೇ ಮಗಳನ್ನ ಅರ್ಧ ತೊಡೆ ಮೇಲೆ ಕೂರಿಸ್ಕೋತಾಳಂತೆ. ಬರುವಾಗ ಬೇಕಾದ್ರೆ ಆಗುತ್ತೆ. ಮಕ್ಕಳಿಬ್ಬರೂ ಅಲ್ಲೇ ಉಳೀತಾರಲ್ಲ."

"ಬರುವಾಗ ಆದ್ರೂ ಸರಿ."

"ಮತ್ತೆ ಹೋಗೋದು ಹೇಗೆ?"

"ಬಸ್ಸಲ್ಲಿ ಹೋಗ್ತೀನಿ. ನೀವು ಬರೋ ಹೊತ್ತಿಗೆ ಹಾಸ್ಟೆಲ್ ಗೇಟಿನ ಹತ್ರ ಇರ್ತೀನಿ."

"ಹಿಂದಿನ ಸೀಟು ಅಕ್ಕ. ತುಂಬಾ ಕುಲುಕುತ್ತೆ. ತನ್ಮಯೀ ಹೋಗುವಾಗ ಅಲ್ಲೇ ವಾಂತಿ ಮಾಡಿರ್ತಾಳೆ."

"ಇರ್ಲಿ," ಎಂದಳು ಕಾತ್ಯಾಯನಿ. "ನಾನು ಕೂತ್ಕೋತೀನಿ."

ಶರಣ್ಯಾ ಮತ್ತೇನೋ ಹೇಳಹೊರಟವಳು, ಗುರುವಾರ ಏಳಕ್ಕೆ ಹೊರಡುತ್ತೇವೆಂದಷ್ಟೇ ಹೇಳಿ ಫೋನು ಇಟ್ಟಳು.

ತೇಜಸ್ವಿನಿ ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ದೊಡ್ಡದೇ ಹಾಕ್ಲಾ ಮೇಡಂ? ಬಿಳಿ ಒಂದೇ ಉಳಿದಿರೋದು."

"ಈಗ ಬೇಡಮ್ಮ. ಯಾವುದು ಬೇಕು ಅಂತ ನನಗೇ ಗೊತ್ತಾಗ್ತಿಲ್ಲ."

"ಮನೇಲಿ ಎಲ್ಲರನ್ನೂ ಕೇಳ್ಕೊಂಡು ಬನ್ನಿ, ಅರ್ಜೆಂಟಿಲ್ಲ."

"ಮನೇಲಿ ನಾನೊಬ್ಬಳೇ ಇರೋದು," ಎಂದಳು ಕಾತ್ಯಾಯನಿ. ತೇಜಸ್ವಿನಿ ಕಾಗದ ಮಡಚಿದಳು. ಕಾತ್ಯಾಯನಿಯೇ ಕೇಳಿದಳು: "ಮಡಿಕೇರಿಯಿಂದ ಮಂಗಳೂರಿಗೆ ಬೆಳಿಗ್ಗೆ ಮೊದಲ ಬಸ್ಸು ಎಷ್ಟು ಗಂಟೆಗೆ, ನಿನಗೇನಾದ್ರೂ ಗೊತ್ತಾ?"