ಇಪ್ಪತ್ತಾರನೆಯ ವಚನ

ಬಾಗಿಲಿನ ಆಚೆಯಿಂದ ಬರುತ್ತಿರುವುದು ಗಿಣಿಯ ದನಿಯೇ, ಮಾತು ಕೇಳಿಸುತ್ತಿಲ್ಲ, ಆದರೆ ಎಲ್ಲಿ ತಡೆಯುತ್ತಾಳೆ, ಎಲ್ಲಿ ಮುಗಿಸುತ್ತಾಳೆ ಅನ್ನುವುದು ಗೊತ್ತಾಗುತ್ತದೆ, ಅಲ್ಪ, ಅಲ್ಪ, ಪೂರ್ಣ — ಹೊರಗೆ ಬೆಂಚಿನ ಮೇಲೆ ಕೂತು ಅವಳು ಎಣಿಸುತ್ತಿದ್ದಾಳೆ, ಇಪ್ಪತ್ತೆರಡು ವರ್ಷದ ಚಾಳಿ ಬಿಡು ಅಂದರೆ ಬಿಡುತ್ತದೆಯೇ, ಚರ್ಚಿನ ಈ ಅಚ್ಚುಕೂಟದಲ್ಲಿ ಕರಡು ನೋಡುವುದು ಮೊದಲಿನಿಂದಲೂ ಇಬ್ಬರ ಕೆಲಸ, ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮಕ್ಕೆ ಅಲ್ಪ, ಪೂರ್ಣವಿರಾಮಕ್ಕೆ ಪೂರ್ಣ ಅಂತ ಬಾಯಿಬಿಟ್ಟು ಹೇಳುತ್ತಾ, ಇನ್ನೊಬ್ಬರು ಕೆಂಪು ಪೆನ್ನು ಹಿಡಿದು ಕರಡಿನಿಂದ ಕಣ್ಣು ಕೀಳದೆ ಹಿಂಬಾಲಿಸಬೇಕು, ಓದುವವಳು ಗಿಣಿ, ತಿದ್ದುವವಳು ಇವಳು, ಗಿಣಿ ಅಂತ ಹೆಸರಿಟ್ಟದ್ದು ಅಚ್ಚಿನ ಮೊಳೆ ಜೋಡಿಸುತ್ತಿದ್ದ ಮುದುಕ, ಅರ್ಥ ಆಗದಿದ್ರೂ ತಪ್ಪಿಲ್ದೆ ಓದ್ತಾಳಲ್ಲ ಅಂತ, ಅರ್ಥ ಆಗೋ ಹಾಗಿದ್ರೆ ಇಷ್ಟು ಸಂಬಳಕ್ಕೆ ಇಲ್ಲಿ ಕೂತು ಓದ್ತಿದ್ನಾ ತಾತ, ಅಂದಿದ್ದಳು ಮೊದಲ ವಾರವೇ, ಆಗ ಅವಳಿಗೆ ಇಪ್ಪತ್ತಮೂರು, ಇವಳಿಗೆ ಇಪ್ಪತ್ತೊಂಬತ್ತು, ಇವಳ ಪೆನ್ನು ನಗುವಿಗೆ ಅಲುಗಿ ಅಂಚಿನಲ್ಲಿ ಒಂದು ಕೆಂಪು ಗೀಟು ಬಿದ್ದಿತ್ತು. ಗಿಣಿಗೆ ಇವಳು ಅಚ್ಚುಕೂಟದಲ್ಲಿ ಅಕ್ಕ, ಮನೆಯಲ್ಲಿ ಬರೀ ಲೇ, ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ, ಎರಡು ಮಂಚ, ಅದರಲ್ಲೊಂದರ ಹೊದಿಕೆಗೆ ಹದಿನೆಂಟು ವರ್ಷದಿಂದ ಸುಕ್ಕು ಬಿದ್ದಿಲ್ಲ, ಮನೆ ಮಾಲೀಕರಿಗೆ ಹೇಳಿರುವುದು ಚಿಕ್ಕಮ್ಮನ ಮಗಳು ಅಂತ, ನಿಮ್ಮಿಬ್ಬರ ಮುಖ ಒಂದೇ ಅಚ್ಚು ಕಣ್ರೀ ಅನ್ನುತ್ತಾರೆ ಮಾಲೀಕರ ಹೆಂಡತಿ, ಆಮೇಲೆ ಮೆಟ್ಟಿಲು ಹತ್ತುವಾಗ ಗಿಣಿ ಇವಳ ಸೊಂಟಕ್ಕೆ ತಿವಿದು, ಕೇಳಿದ್ಯಾ, ನಾವು ಮರುಮುದ್ರಣ.

ಅಲ್ಪ. ಒಳಗೆ ಈಗ ವ್ಯವಸ್ಥಾಪಕರು ಮಾತಾಡುತ್ತಿದ್ದಾರೆ, ಪಾದ್ರಿಗಳೂ ಇದ್ದಾರೆ, ಅವರು ಕೆಮ್ಮಿದರು — ಆಗಿರುವುದು ಇಷ್ಟು, ಬೈಬಲಿನ ಹೊಸ ಆವೃತ್ತಿಯ ಅಕ್ಷರ ಜೋಡಿಸಿದವನ ಕಣ್ಣು ಒಂದು ವಚನ ಹಾರಿತು, ಅದು ಎಲ್ಲ ಕಡೆಯೂ ಆಗುವಂಥದ್ದೇ, ಅದನ್ನು ಹಿಡಿಯಲಿ ಅಂತಲೇ ಇವರಿಬ್ಬರನ್ನು ಇಟ್ಟುಕೊಂಡಿರುವುದು, ಇವರು ಹಿಡಿಯಲಿಲ್ಲ, ಮೂರು ಸಾವಿರ ಪ್ರತಿ ಅಚ್ಚಾಗಿ, ರಟ್ಟು ಕಟ್ಟಿ, ಊರೂರಿಗೆ ಹೋದ ಮೇಲೆ ನಿವೃತ್ತ ಟೀಚರಮ್ಮ ಒಬ್ಬರು ಕಾಗದ ಬರೆದರು, ರೋಮಾಪುರದವರಿಗೆ ಬರೆದ ಪತ್ರದ ಒಂದನೇ ಅಧ್ಯಾಯದಲ್ಲಿ ಇಪ್ಪತ್ತೈದಾದ ಮೇಲೆ ಇಪ್ಪತ್ತೇಳಿದೆ, ಅದು ಹಾಗೆಯೇ ಗಂಡಸರೂ ಅಂತ ಶುರುವಾಗುತ್ತದೆ, ಹಾಗೆಯೇ ಅಂದರೆ ಯಾರ ಹಾಗೆ, ದಯವಿಟ್ಟು ತಿಳಿಸಿ. ಯಾರ ಹಾಗೆ ಅಂದರೆ ಹೆಂಗಸರ ಹಾಗೆ, ಹೆಂಗಸರು ಹೆಂಗಸರನ್ನೇ ಬಯಸಿ ಸ್ವಭಾವ ಬಿಟ್ಟು ನಡೆದರು ಅನ್ನುವ ಮಾತು, ಇಡೀ ಗ್ರಂಥವನ್ನು ಪೆನ್ನು ಹಿಡಿದು ಆರು ಸಲ ದಾಟಿದವಳು ಇವಳು, ಗಂಡಸರ ವಿಷಯ ಹಳೆ ಒಡಂಬಡಿಕೆಯಲ್ಲೂ ಇದೆ, ಹೊಸದರಲ್ಲೂ ಇದೆ, ಹೆಂಗಸರದು ಬಾಯಿಬಿಟ್ಟು ಹೇಳಿರುವುದು ಇದೊಂದೇ ಕಡೆ, ಒಂದೇ ವಚನ, ಕಳಚಿ ಬಿದ್ದದ್ದೂ ಅದೇ. ಬೇರೆ ಯಾವುದಾದರೂ ಬಿದ್ದಿದ್ದರೆ ಒಂದು ತಿದ್ದೋಲೆ ಅಂಟಿಸಿ ಮರೆಯುತ್ತಿದ್ದರು. ಈಗ ರಟ್ಟು ಕಟ್ಟುವ ಹುಡುಗಿಯರು ಇವರಿಬ್ಬರನ್ನು ನೋಡಿದ ಕೂಡಲೇ ಮಾತು ನಿಲ್ಲಿಸುತ್ತಾರೆ. ಸೊಸೆಯೊಬ್ಬಳು ಅತ್ತೆಯನ್ನು ಬಿಡದೆ ನೀನು ಹೋದಲ್ಲಿಗೆ ನಾನೂ ಬರುತ್ತೇನೆ ಅಂತ ಆಣೆ ಮಾಡುತ್ತಾಳಲ್ಲ, ಆ ಪುಟ ಬಂದಾಗೆಲ್ಲ ಗಿಣಿ ಒಂದು ಚಣ ತಲೆಯೆತ್ತಿ, ಹೆಂಗಸು ಹೆಂಗಸಿಗೆ ಹೇಳಿದ್ದನ್ನ ಗಂಡು ಹೆಣ್ಣಿನ ಮದುವೇಲಿ ಓದ್ತಾರೆ, ನೋಡಿದ್ಯಾ ಅಕ್ಕ, ಅಲ್ಪ, ಅಂತ ಮುಂದಕ್ಕೆ ಹೋಗುತ್ತಿದ್ದಳು, ಆದರೆ ಇಪ್ಪತ್ತಾರನೆಯದಕ್ಕೆ ತಮಾಷೆ ಇಲ್ಲ, ಐದು ಆವೃತ್ತಿ, ಐದು ಸಲ, ಎಣ್ಣೆ ಹಾಕಿದ ಯಂತ್ರದಂತೆ ಒಂದೇ ದನಿಯಲ್ಲಿ ಓದಿ ಮುಗಿಸುತ್ತಿದ್ದಳು, ಆ ಸಂಜೆ ಮನೆಯಲ್ಲಿ ತೊಳೆದ ಒಲೆಯನ್ನೇ ಮತ್ತೆ ತೊಳೆಯುತ್ತಿದ್ದಳು, ಇವಳೂ ಏನೂ ಕೇಳುತ್ತಿರಲಿಲ್ಲ. ಮೊನ್ನೆ ಮಾತ್ರ ಕೇಳಿದಳು, ಓದಿದ್ಯಾ ನೀನು ಅವತ್ತು, ನಿಜ ಹೇಳು. ಗಿಣಿ ಬಟ್ಟೆ ಮಡಿಸುತ್ತಲೇ, ನಿನಗೆ ಕೇಳಿಸ್ತಾ, ಇಲ್ವಾ, ಅಷ್ಟು ಹೇಳು ಮೊದಲು. ಅಲ್ಲಿಗೆ ನಿಂತಿತು.

ಬಾಗಿಲು ತೆರೆಯಿತು. ಗಿಣಿ ಹೊರಗೆ ಬಂದಳು, ನೋಡಲಿಲ್ಲ, ಅಥವಾ ಬೆಂಚನ್ನು ನೋಡಿದಳು, ಅಕ್ಕ, ನಿಮ್ಮನ್ನ ಕರೀತಿದಾರೆ — ನಿಮ್ಮನ್ನ, ಅಚ್ಚುಕೂಟದಲ್ಲೂ ಇಷ್ಟು ವರ್ಷ ನಿನ್ನ ಅಂತಲೇ ಇತ್ತು — ಅಷ್ಟು ಹೇಳಿ ನಡೆದೇಬಿಟ್ಟಳು, ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ಒಳಗೆ ಮೇಜಿನ ಮೇಲೆ ಆ ಕರಡಿನ ಹಾಳೆ, ಕೆಳಗೆ ಇವಳದೇ ಸಹಿ, ತಲೆಕೆಳಗಾಗಿ ಕಂಡರೂ ಸ್ಪಷ್ಟ, ಕೂತ್ಕೊಳ್ಳಮ್ಮ ಅಂದರು ಪಾದ್ರಿಗಳು, ಒಳ್ಳೆಯವರು, ಅದೇ ಕಷ್ಟ. ವ್ಯವಸ್ಥಾಪಕರು ಸುತ್ತಿ ಬಳಸಿ ಮಾತಾಡುವವರಲ್ಲ, ನೋಡಿ, ಅವರು ಓದಿದ್ದೀನಿ ಅಂತಾರೆ, ಒಂದಕ್ಷರ ಬಿಡದೆ ಓದಿದೆ, ಅಕ್ಕ ಗುರುತು ಹಾಕ್ಲಿಲ್ಲ ಅಂತಾರೆ, ಓದಿದ್ರೆ ತಪ್ಪು ನಿಮ್ಮದು, ಓದಿಲ್ಲ ಅಂದ್ರೆ ಅವರದು, ಅವರದಾದ್ರೆ ಅದು ಕಣ್ತಪ್ಪಲ್ಲ, ಬೇಕೂಂತ ಬಿಟ್ಟಿದ್ದು ಅಂತ ಜನ ಆಡ್ಕೊತಾರೆ, ಯಾಕೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ, ಒಬ್ಬರು ಇವತ್ತೇ ಕೆಲಸ ಬಿಡಬೇಕು, ನೀವೇ ಹೇಳಿ, ಓದಿದ್ರಾ ಅವರು. ಒಂದಕ್ಷರ ಬಿಡದೆ ಅಂದಳಂತೆ. ಹಾಗಾದರೆ ಓದಿದ್ದಾಳೆ. ಅಥವಾ ತಾನು ಉಳಿದರೆ ಸಾಕು ಅಂತ ಇವಳ ತಲೆಗೆ ಕಟ್ಟಿ ಮೆಟ್ಟಿಲಿಳಿದು ಹೋಗಿದ್ದಾಳೆ, ಎರಡರಲ್ಲಿ ಒಂದು, ಯಾವುದು ಅಂತ ಗಿಣಿಯನ್ನು ಬಿಟ್ಟರೆ ಲೋಕದಲ್ಲಿ ಹೇಳಬಲ್ಲವಳು ಇವಳೊಬ್ಬಳೇ, ಅವತ್ತು ಅವಳ ಎದುರು ಕೂತಿದ್ದವಳು, ಇವಳಿಗೆ ಗೊತ್ತಿಲ್ಲ. ಓದಿದಳು, ಅಂದಿತು ಇವಳ ಬಾಯಿ, ಓದಿದಳು, ನಾನು ನೋಡ್ಲಿಲ್ಲ. ಪಾದ್ರಿಗಳು ಉಸಿರುಬಿಟ್ಟರು. ವ್ಯವಸ್ಥಾಪಕರು ಒಂದು ಬಿಳಿ ಹಾಳೆ ಇವಳ ಮುಂದೆ ಸರಿಸಿ, ಬರೆದುಕೊಡಿ ಹಾಗಾದ್ರೆ, ಅಂದರು, ಆಮೇಲೆ ನಿಜವಾಗಿಯೂ ಅರ್ಥವಾಗದವರಂತೆ, ಇಪ್ಪತ್ತೈದಾದ ಮೇಲೆ ಇಪ್ಪತ್ತೇಳು, ಕಣ್ಣಿಗೆ ರಾಚೋ ಹಾಗಿದೆಯಲ್ರೀ, ಹಾಳೆ ಮೇಲೆ ಇಲ್ದಿದ್ರೆ ಕಣ್ಣು ಇನ್ನೆಲ್ಲಿತ್ತು ನಿಮ್ಮದು.

ಎಲ್ಲಿತ್ತು, ಚಳಿಗಾಲದ ಬೆಳಿಗ್ಗೆ, ಹತ್ತು ಗಂಟೆ, ಇಪ್ಪತ್ತೈದನೆಯದು ಆಮೆನ್ ಅಂತ ಮುಗಿಯುತ್ತದೆ, ಆಮೆನ್, ಪೂರ್ಣ, ಅಂದಳು ಗಿಣಿ, ಅಷ್ಟು ಸ್ಪಷ್ಟವಾಗಿ ಕೇಳಿಸಿತ್ತು, ಆಗ ಇವಳು ತಲೆಯೆತ್ತಿದಳು, ಚಳಿಗೆ ಒಡೆದಿದ್ದ ಅವಳ ಕೆಳತುಟಿ ಆ ಆಮೆನ್‌ಗೆ ಸೀಳಿತ್ತು, ನಡುವೆ ಸಣ್ಣಗೆ ರಕ್ತ, ಸಾಸಿವೆಯಷ್ಟು, ಮುಲಾಮು ಹಚ್ಚಿಕೋ ಅಂತ ನಿನ್ನೆಯೇ ಹೇಳಿದ್ದೆನಲ್ಲ ಅಂದುಕೊಂಡಳು, ಮಧ್ಯಾಹ್ನ ತಂದುಕೊಡಬೇಕು ಅಂದುಕೊಂಡಳು, ಬೆರಳು ಚಾಚಿ ಒರೆಸುವ ಹಾಗಿಲ್ಲ, ಪಕ್ಕದ ಮೇಜಿನಲ್ಲಿ ಜನ, ನೋಡುತ್ತಾ ಕೂತಳು, ಎಷ್ಟು ಹೊತ್ತು, ಒಂದು ವಚನದಷ್ಟು ಹೊತ್ತು, ಮತ್ತೆ ಹಾಳೆಗೆ ಬಗ್ಗಿದಾಗ ದನಿ ಹಾಗೆಯೇ ಗಂಡಸರೂ ಅನ್ನುತ್ತಿತ್ತು, ಪೆನ್ನು ಅಲ್ಲಿಂದ ಹಿಡಿದುಕೊಂಡಿತು — ನಡುವೆ ಆ ತುಟಿ ಅಲುಗಿತೋ ಇಲ್ಲವೋ, ಬರೀರಮ್ಮ, ತಾರೀಕು ಮೇಲೆ ಹಾಕಿ, ಅಲುಗಿದ್ದರೆ ಓದಿದ್ದಾಳೆ, ಮುಚ್ಚಿದ್ದರೆ ಇಲ್ಲ, ಆಮೆನ್, ಪೂರ್ಣ, ತುಟಿ, ನಡುವೆ ರಕ್ತ, ಶಬ್ದವಿಲ್ಲ, ಮತ್ತೆ ಮೊದಲಿನಿಂದ, ಆಮೆನ್, ಪೂರ್ಣ, ತುಟಿ, ಸಾಸಿವೆಯಷ್ಟು ರಕ್ತ, ತುಟಿ