ಮೈಕಿಗಿಂತ ಮೊದಲು ಬಂದ ಬಾಟಲಿಗಳು

ಬಣ್ಣದ ಗಿರಣಿಯ ಹೊಗೆಕೊಳವೆ ಚಂದ್ರನ ಹೊಟ್ಟೆಗೆ ತಿವಿಯುವಷ್ಟು ಎತ್ತರ. ಅದರ ಬುಡದ ಕೂಲಿಗಳ ಓಣಿಗಿದ್ದ ಒಂದೇ ನಲ್ಲಿಯ ಧಾರೆ ಮಾತ್ರ ಸೂಜಿಗೆ ಪೋಣಿಸುವಷ್ಟು ಸಣ್ಣ. ಒಂದು ಕೊಡ ತುಂಬುವಷ್ಟರಲ್ಲಿ ಸಾಲಿನಲ್ಲಿದ್ದ ಹುಡುಗಿಯರು ಮುದುಕಿಯರಾಗುತ್ತಿದ್ದರು.

ಮ್ಯಾನೇಜರ್ ಸಾಹೇಬರ ಕೋಣೆ ಗುಡಿಸುವವಳನ್ನು ಓಣಿ ‘ರೇಡಿಯೋ’ ಎಂದೇ ಕರೆಯುತ್ತಿತ್ತು. ಸಾಹೇಬರ ಬೆಕ್ಕು ಸೀನಿದರೆ, ಅವಳ ಬಾಯಿಂದ ಓಣಿಯ ತುದಿ ಮುಟ್ಟುವಷ್ಟರಲ್ಲಿ ಅದು ಹುಲಿಯ ಗರ್ಜನೆಯಾಗಿರುತ್ತಿತ್ತು. ಒಂದು ಬೆಳಿಗ್ಗೆ ಸಾಹೇಬರ ಕೋಣೆಯಿಂದ ನಲ್ಲಿ ನೀರಿನ ಹೂಜಿ ಮಾಯವಾಗಿತ್ತು. ಅದರ ಜಾಗದಲ್ಲಿ ಮೊಹರು ಹಾಕಿದ ಬಾಟಲಿಗಳು. ಕೈ ತೊಳೆಯಲೂ ಅವೇ. ಅವಳು ಓಡಿಬಂದು ಹೇಳಿದಳು. ಆದರೆ ಚಟ ಬಿಡಬೇಕಲ್ಲ: ಬಾಟಲಿ ಲಾರಿಗಟ್ಟಲೆ ಬಂದಿವೆ, ಸಾಹೇಬರ ನಾಯಿಗೂ ಅದರಲ್ಲೇ ಸ್ನಾನ ಎಂದಳು.

ಓಣಿ ಬಿದ್ದು ಬಿದ್ದು ನಕ್ಕಿತು.

“ನಾಯಿಗೆ ಬೆನ್ನು ಉಜ್ಜೋರು ಯಾರಂತೆ ಅತ್ತಿಗೆ? ನೀನೇನಾ?” ಅಂದಳು ನಾದಿನಿ.

ಅಂದೇ ಸಂಜೆ ಗೇಟಿನ ಮೈಕು ಗಂಟಲು ಸರಿಮಾಡಿಕೊಂಡಿತು. ನೀರು ಶುದ್ಧವಾಗಿದೆ, ಗಾಳಿಸುದ್ದಿ ಹಬ್ಬಿಸಿದವರ ಕೆಲಸ ಹೋಗುತ್ತದೆ ಎಂದಿತು. ಪಾಳಿ ಹೇಳುವ ಮೈಕು ಅದೇ, ಸತ್ತವರ ಹೆಸರು ಹೇಳುವುದೂ ಅದೇ. ಎರಡರಲ್ಲೂ ಎಂದೂ ತಪ್ಪಿರಲಿಲ್ಲ. ರೇಡಿಯೋಗೇ ತನ್ನ ಕಣ್ಣಿನ ಮೇಲೆ ಅನುಮಾನ ಹುಟ್ಟಿತು. ಮೊಮ್ಮಗಳು ಆಡಿ ದಣಿದು ಬಂದು ನೀರು ಕೇಳಿದಾಗ ಲೋಟದ ತುಂಬ ಕೊಟ್ಟಳು.

ವಾರದೊಳಗೆ ಅರ್ಧ ಓಣಿ ಹಾಸಿಗೆ ಹಿಡಿಯಿತು. ಗಿರಣಿಯ ಡಾಕ್ಟರು ಹವಾಮಾನವನ್ನು ಬೈದರು. ಮೊಮ್ಮಗಳು ಉಳಿಯಲಿಲ್ಲ. ಮಣ್ಣು ಮಾಡಿ ಬಂದು ಕೈಕಾಲು ತೊಳೆಯುತ್ತಿರುವಾಗಲೇ ಮೈಕು ಹೇಳಿತು: ಇಂದಿನಿಂದ ನಲ್ಲಿ ನೀರು ಕುಡಿಯಬೇಡಿ, ಮುನ್ನೆಚ್ಚರಿಕೆ ಅಷ್ಟೇ.

“ಇಂದಿನಿಂದಂತೆ,” ಅಂದಳು ರೇಡಿಯೋ.

ಹುಟ್ಟಿದಾಗಿನಿಂದ ಅವಳು ಉಪ್ಪುಖಾರ ಹಚ್ಚದೆ ಆಡಿದ ಮೊದಲ ಮಾತು ಅದು. ನಾದಿನಿ ನಗಲಿಲ್ಲ. ಯಾರೂ ನಗಲಿಲ್ಲ.

ಕೆಲವು ದಿನಗಳಾದ ಮೇಲೆ ಸಾಹೇಬರು ಓಣಿಯನ್ನೆಲ್ಲ ಗೇಟಿಗೆ ಕರೆಸಿ ತಾವೇ ಮೈಕು ಹಿಡಿದರು. ಹೊಸ ಯಂತ್ರ ಕೂರಿಸಿದ್ದೇವೆ, ನೀರು ಈಗ ಅಮೃತ, ನಂಬಿ ಎಂದರು. ರೇಡಿಯೋ ಸೆರಗಿನಿಂದ ಮೊಮ್ಮಗಳ ಲೋಟ ತೆಗೆದಳು. ನಲ್ಲಿಗೆ ಹಿಡಿದು ತುಂಬಿಸಿದಳು. ತಂದು ಮೈಕಿನ ಪಕ್ಕ ಇಟ್ಟಳು.

“ಮೊದ್ಲು ಕುಡೀರಿ ಸಾಹೇಬ್ರೇ. ಆಮೇಲೆ ಹೇಳಿ.”

ಸಾಹೇಬರು ಲೋಟ ನೋಡಿದರು. ನಕ್ಕರು. ಕರವಸ್ತ್ರ ಹುಡುಕಿದರು. ಮೈಕು ಚಾಲೂ ಇತ್ತು. ಅವರ ಉಸಿರು ಓಣಿಯ ಕಟ್ಟಕಡೆಯ ಹಾಸಿಗೆಯವರೆಗೂ ಕೇಳಿಸಿತು. ನೀರು ಗಂಟಲಿಗಿಳಿಯುವ ಸದ್ದು ಮಾತ್ರ ಕೇಳಿಸಲಿಲ್ಲ.

ಪಾಳಿಯ ಸೈರನ್ ಕೂಗಿತು. ಒಬ್ಬರೂ ಒಳಗೆ ಹೋಗಲಿಲ್ಲ.