ಮಾವನ ಕೋಲಿನ ಮೇಲಿನ ನಾಲ್ಕು ಬೆರಳು

ಇದನ್ನು ಹೇಳಬಹುದೋ ಬಾರದೋ ಎಂದು ಬಹಳ ಯೋಚಿಸಿದೆ. ಗಾಲ್ಫ್ ಬಲ್ಲವರು ಇದರಲ್ಲಿ ಗಾಲ್ಫ್ ಕಡಿಮೆ ಎನ್ನಬಹುದು, ಕಥೆ ಬಲ್ಲವರು ಕಥೆ ಕಡಿಮೆ ಎನ್ನಬಹುದು. ನಾನು ಎರಡನ್ನೂ ಸಂಜೆ ತರಗತಿಯಲ್ಲಿ ತೂಕಡಿಸುತ್ತಾ ಕಲಿತವಳು. ಮೇಲಾಗಿ ಇದು ಮನೆಯ ಹಿರಿಯರ ವಿಷಯ. ಹೆಚ್ಚುಕಡಿಮೆ ಆಗಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಗರಸಭೆಯ ಗಾಲ್ಫ್ ಮೈದಾನದ ರಿಪೇರಿ ಕೋಣೆಯಲ್ಲಿ ನನ್ನ ಕೆಲಸ. ಕೋಲುಗಳ ಗ್ರಿಪ್, ಅಂದರೆ ಕೈ ಹಿಡಿಯುವ ಕಡೆಯ ರಬ್ಬರು, ಬದಲಿಸುತ್ತೇನೆ, ಬಾಗಿದ್ದನ್ನು ನೇರ ಮಾಡುತ್ತೇನೆ, ಆಡುವವರ ಮೈಗೆ ತಕ್ಕ ಹಾಗೆ ಪಟರ್ ಹೊಂದಿಸಿ ಕೊಡುತ್ತೇನೆ. ಪಟರ್ ಎಂದರೆ ಕೊನೆಯ ಕೋಲು. ಚೆಂಡು ಕುಳಿಯ ಹತ್ತಿರ ಬಂದ ಮೇಲೆ ಅದನ್ನು ಮೆಲ್ಲಗೆ ಉರುಳಿಸಿ ಒಳಗೆ ಬೀಳಿಸುವುದಕ್ಕೆ ಇರುವಂಥದು. ಅಳತೆ ಕೊಡಲು ಬಂದವರು ಫೋಟೋಗೆ ನಿಂತ ಹಾಗೆ ಎದೆ ಸೆಟೆಸಿ ನಿಲ್ಲುತ್ತಾರೆ. ಆ ಎತ್ತರಕ್ಕೆ ಕೋಲು ಮಾಡಿಕೊಟ್ಟರೆ ಮುಂದಿನ ವಾರವೇ ಗೊಣಗುತ್ತಾ ವಾಪಸು ತರುತ್ತಾರೆ. ಅದಕ್ಕೆ ನಾನು ಮೊದಲು ಸಾಕುಸಾಕಾಗುವವರೆಗೂ ಚೆಂಡು ಉರುಳಿಸಲು ಬಿಡುತ್ತೇನೆ. ಮೈ ಸೋತು, ಅಳತೆಯ ನೆನಪೇ ಹೋದ ಮೇಲೆ ಟೇಪು ಬಿಚ್ಚುತ್ತೇನೆ.

ಅವತ್ತು ಸಂಜೆ ನನಗೂ ಕಾಲು ಊದಿಕೊಂಡಿತ್ತು. ಬಾಗಿಲು ಎಳೆಯಬೇಕು ಎನ್ನುವಷ್ಟರಲ್ಲಿ ಮಾವ ತಮ್ಮ ಪಟರ್ ಹಿಡಿದುಕೊಂಡು ಬಂದರು. ಮನೆಯಲ್ಲಿ ಹೇಳಬಹುದಾಗಿದ್ದ ಮಾತಿಗೆ ಇಷ್ಟು ದೂರ ನಡೆದು ಬಂದಿದ್ದಾರೆ ಎಂದರೆ ಅತ್ತೆಗೆ ತಿಳಿಯಬಾರದ ವಿಷಯ ಎಂದುಕೊಂಡೆ.

"ಈ ಕೋಲಿಗೆ ಏನೋ ಆಗಿದೆ ಕಣಮ್ಮ. ಎಡಕ್ಕೇ ಎಳೆಯುತ್ತೆ. ಗಾಡಿ ಅಲೈನ್‌ಮೆಂಟ್ ಹೋದ ಹಾಗೆ."

ಮಾವ ಜೀವಮಾನವೆಲ್ಲ ಬಸ್ಸು ಓಡಿಸಿದವರು. ಅದೇ ಬಸ್ಸಿನ ಕಂಡಕ್ಟರ್ ಆಗಿದ್ದ ಮೀಸೆಯವರ ಜೊತೆ ಪ್ರತಿ ಶನಿವಾರ ಜೋಡಿ ಆಟ. ವಾರದಲ್ಲಿ ಆ ಒಂದು ದಿನ ಮಾತ್ರ ಮಾವ ಯಾರೂ ಹೇಳದೆ ಗಡ್ಡ ಹೆರೆದುಕೊಳ್ಳುತ್ತಾರೆ.

"ಮೀಸೆಯವರು ಏನಂದ್ರು ಮಾವ?"

"ಏನಂತಾನೆ? ಈ ಶನಿವಾರ ಒಂದು ನೋಡೋಣ ಅಂದ." ಅವರು ಗೋಡೆಯ ಮೇಲಿನ ಕೋಲುಗಳನ್ನೇ ನೋಡುತ್ತಿದ್ದರು. "ಇಲ್ಲಾಂದ್ರೆ ಅವನ ಅಳಿಯನ್ನ ಕರ್ಕೊಂಡು ಬರ್ತಾನಂತೆ. ಅಳಿಯನ ಕೈ ನಡುಗಲ್ವಂತೆ."

"ನಿಮ್ಮ ಕೈಯೂ ನಡುಗಲ್ಲ."

"ಅದನ್ನ ಅವನಿಗೆ ಹೇಳು."

ಹಸಿರು ಚಾಪೆಯ ಮೇಲೆ ಚೆಂಡು ಇಟ್ಟು ಉರುಳಿಸಲು ಹೇಳಿದೆ. ಮೊದಮೊದಲು ಎಲ್ಲ ನೇರ ಹೋದವು. ಮಾವ ಸೆಟೆದು ನಿಂತಿದ್ದರು. ಬರಬರುತ್ತಾ ಬೆನ್ನು ಇಳಿಯಿತು, ಮೊಣಕಾಲು ಮಡಚಿಕೊಂಡಿತು, ಭುಜ ಮುಂದಕ್ಕೆ ಜೋತುಬಿತ್ತು. ಆಗ ಶುರುವಾಯಿತು ನೋಡಿ, ಒಂದಾದ ಮೇಲೊಂದು ಎಡಕ್ಕೆ. ಕೋಲು ಮೈಗೆ ತಕ್ಕುದಕ್ಕಿಂತ ಉದ್ದವಾದರೆ ಅದರ ತಲೆಯ ತುದಿ ನೆಲಬಿಟ್ಟು ಮೇಲೇಳುತ್ತದೆ, ಚೆಂಡಿಗೆ ತಾಗುವ ಮುಖ ಎಡಕ್ಕೆ ವಾಲುತ್ತದೆ. ಮಾವನಿಗೆ ಆಗಿದ್ದು ಅದೇ.

ಅವರು ನಿವೃತ್ತರಾದಾಗ ಡಿಪೋದವರು ಉಡುಗೊರೆ ಕೊಟ್ಟ ಕೋಲು ಅದು. ಅಳತೆ ತೆಗೆದವಳು ನಾನೇ. ಆಗ ಕೆಲಸಕ್ಕೆ ಹೊಸಬಳು. ತಪ್ಪು ಅಳತೆ ತೆಗೆದಿದ್ದೆನೇ?

"ಮಾವ, ನೀವು ಏನಾದ್ರೂ ಸ್ವಲ್ಪ... ಎತ್ತರದಲ್ಲಿ ಇಳಿದಿದ್ದೀರಾ ಅಂತ."

"ನಾನಾ?" ಅವರು ನಕ್ಕರು. "ನೋಡು, ಇದೇ ಪ್ಯಾಂಟು ಹಾಕ್ಕೊಂಡೇ ಕೊನೇ ದಿನ ಬಸ್ಸು ಇಳಿದಿದ್ದು. ಇಳಿದಿದ್ರೆ ನೆಲ ಗುಡಿಸ್ತಿರಲಿಲ್ವಾ?"

ಪ್ಯಾಂಟಿನ ಅಂಚು ಸರಿಯಾಗಿ ಹಿಮ್ಮಡಿಯ ಮೇಲೆ ನಿಂತಿತ್ತು. ಹಾಗಾದರೆ ತಪ್ಪು ನನ್ನದೇ ಎಂದುಕೊಂಡು ಟೇಪು ಹಿಡಿದು ಬಗ್ಗಿದೆ. ಬಗ್ಗಿದವಳಿಗೆ ಆ ಅಂಚು ಹತ್ತಿರದಿಂದ ಕಂಡಿತು. ಬಟ್ಟೆ ಬಣ್ಣಗೆಟ್ಟಿತ್ತು, ಹೊಲಿಗೆ ಹೊಚ್ಚಹೊಸದು. ಒತ್ತೊತ್ತಾಗಿ, ಒಂದು ಹೊಲಿಗೆ ಬಿಟ್ಟು ಒಂದು ಓರೆ. ಅತ್ತೆಯ ಕೈ. ಆ ಹೊಲಿಗೆಯ ಕೆಳಗೆ ಇನ್ನೂ ಎರಡು ಹಳೆಯ ಹೊಲಿಗೆಗಳ ಗುರುತಿತ್ತು.

ನಾನು ಎದ್ದು ನಿಂತೆ.

"ಕೋಲು ಇಲ್ಲೇ ಇರಲಿ ಮಾವ, ನೋಡ್ತೀನಿ."

"ನೋಡು. ಆದ್ರೆ ಕತ್ತರಿಸಬೇಡ. ಉದ್ದ ಮಾತ್ರ ಮುಟ್ಟಬೇಡ."

ಮನೆಗೆ ಹೋದಾಗ ಅತ್ತೆ ಪಾತ್ರೆ ಒರೆಸುತ್ತಿದ್ದರು. ಮಾವ ಕೋಲು ಬಿಟ್ಟುಹೋದದ್ದನ್ನು ಹೇಳಿ ನಾನು ಪ್ಯಾಂಟಿನ ಮಾತೆತ್ತಿದ್ದೇ ತಡ, ಒದ್ದೆ ಕೈಯಿಂದಲೇ ನನ್ನ ಬಾಯಿ ಮುಚ್ಚಿದರು.

"ಶ್! ಹಾಳಾದವಳೇ, ಮೆಲ್ಲಗೆ." ಆಮೇಲೆ ಬಾಗಿಲತ್ತ ನೋಡಿ ಪಿಸುಗುಟ್ಟಿದರು. "ಒಂದು ದಿನ ಅಂಚು ತುಳಿದು ಮುಗ್ಗರಿಸಿದ್ರು. ಪ್ಯಾಂಟು ಜಗ್ಗಿದೆ ಅಂತ ಅದಕ್ಕೇ ಬೈದ್ರು. ಆ ಮುಖ ನೋಡಿ ನನಗೆ ಹೇಳೋಕಾಗ್ಲಿಲ್ಲ. ಮಲಗಿದ್ದಾಗ ಮಡಚಿ ಹೊಲಿದೆ. ಆಮೇಲೆ ಅಂಗಿ ತೋಳು. ಆಮೇಲೆ ಕನ್ನಡಿ."

"ಕನ್ನಡಿನಾ?"

"ಗಡ್ಡ ಮಾಡ್ಕೊಳೋ ಕನ್ನಡಿ. ಮೊಳೆ ಕಿತ್ತು ಕೆಳಗೆ ಹೊಡೆದೆ. ಹಳೇ ತೂತಿಗೆ ಸೋಪು ಮೆತ್ತಿದೆ."

ನಗು ಬಂತು, ನಗಲು ತ್ರಾಣವಿರಲಿಲ್ಲ. ಅತ್ತೆಗೂ ಹಾಗೇ ಆಗಿರಬೇಕು, ಸ್ಟೂಲಿನ ಮೇಲೆ ಕುಸಿದು ಕೂತರು.

"ಎಲ್ಲ ಸರಿಮಾಡಿದೆ ಕಣೇ. ಆ ಕೋಲೊಂದು ನನ್ನ ಕೈಗೆ ಸಿಗ್ಲಿಲ್ಲ. ಈಗ ನಿನ್ನ ಹತ್ರ ಇದೆಯಲ್ಲ, ಸದ್ದಿಲ್ದೆ ಒಂದು ಚೂರು ತೆಗೆದುಬಿಡು."

"ಮುಟ್ಟಬೇಡ ಅಂದಿದ್ದಾರೆ ಅತ್ತೆ."

"ನನಗೆ ಯಾರು ಹೊಲಿ ಅಂದಿದ್ರು?"

ಮಾರನೆಯ ದಿನ ಕೋಲನ್ನು ಎರಡು ಸಲ ಗರಗಸದ ಹತ್ತಿರ ಒಯ್ದು ಎರಡು ಸಲವೂ ವಾಪಸು ತಂದೆ. ಬೇಡ ಎಂದವರ ಕೋಲು ಕತ್ತರಿಸಲು ಕೈ ಬರಲಿಲ್ಲ. ಹಾಗೇ ಬಿಟ್ಟರೆ ಶನಿವಾರದ ಜೋಡಿ ಆಟ ಮುಗಿಯಿತು, ಮಾವ ಕಿಟಕಿಯ ಪಕ್ಕ ಗಡ್ಡ ಬಿಟ್ಟು ಕೂರುತ್ತಾರೆ. ಕೊನೆಗೆ ಹಳೆಯ ಗ್ರಿಪ್ ಸೀಳಿ ತೆಗೆದು, ಬಹಳ ಕೆಳಗಿನವರೆಗೂ ಬರುವ ಉದ್ದನೆಯ ಗ್ರಿಪ್ ಹಾಕಿದೆ. ಕೆಳಗೆ ಹಿಡಿದರೆ ಕೋಲಿನ ತಲೆ ಹಗುರ ಎನಿಸುತ್ತದೆ, ಅದಕ್ಕೊಂದು ಸೀಸದ ಪಟ್ಟಿ ಅಂಟಿಸಿದೆ.

"ಉದ್ದ ಮುಟ್ಟಿಲ್ಲ ಮಾವ," ಎಂದು ಕೊಟ್ಟೆ. "ಗ್ರಿಪ್ ಮಾತ್ರ ಹೊಸದು. ದಣಿವಾದಾಗ ಕೈ ಎಲ್ಲಿ ಬೇಕಾದ್ರೂ ಇಟ್ಕೋಬಹುದು, ಮೇಲೂ, ಕೆಳಗೂ."

ಅವರು ಗ್ರಿಪ್ಪನ್ನು ಮೇಲಿಂದ ಕೆಳಗೆ ಸವರಿದರು. ನನ್ನ ಮುಖ ನೋಡಿದರು. "ಹೂಂ," ಎಂದರು, ಅಷ್ಟೇ.

ನನ್ನ ಕೋಣೆಯ ಕಿಟಕಿಗೆ ಕೊನೆಯ ಕುಳಿ ಕಾಣುತ್ತದೆ, ಅಲ್ಲಿನ ಮಾತೂ ಕೇಳುತ್ತದೆ. ಶನಿವಾರ ಅವರಿಬ್ಬರೂ ಅಲ್ಲಿಗೆ ಬರುವ ಹೊತ್ತಿಗೆ ಮಾವ ಕೋಲನ್ನು ಊರಿಕೊಂಡು ನಡೆಯುತ್ತಿದ್ದರು. ಚೆಂಡು ಕುಳಿಯಿಂದ ಸ್ವಲ್ಪವೇ ದೂರ. ಅವರು ಸದಾ ತಪ್ಪುತ್ತಿದ್ದ ದೂರ. ಬಗ್ಗಿ ನಿಂತರು. ಎಂದಿನ ಜಾಗದಲ್ಲಿ ಕೈಯಿಟ್ಟರು. ನಾನು ಉಗುರು ಕಚ್ಚಿಕೊಂಡೆ. ಕೈ ನಿಧಾನವಾಗಿ ಕೆಳಗೆ ಜಾರಿತು. ಮೇಲೆ ನಾಲ್ಕು ಬೆರಳಿನಷ್ಟು ಗ್ರಿಪ್ ಖಾಲಿ ಉಳಿಯಿತು.

"ಏನಯ್ಯಾ ಡ್ರೈವರ್ರು," ಮೀಸೆಯವರು ಕೂಗಿದರು, "ಮೇಲೆ ಅಷ್ಟು ಸೀಟು ಖಾಲಿ ಬಿಟ್ಟಿದ್ದೀಯ, ಯಾರಿಗೆ?"

"ಬೆಳಗ್ಗೆ ಎದೆ ಸೆಟೆಸಿ ಬಂದಿದ್ನಲ್ಲ ಡ್ರೈವರ್ರು, ಅವನಿಗೆ," ಎಂದರು ಮಾವ ತಲೆಯೆತ್ತದೆ. "ಅವನು ಅರ್ಧ ದಾರೀಲೇ ಇಳಿದುಹೋದ."

ಚೆಂಡು ಉರುಳಿತು. ಗೆರೆ ಎಳೆದ ಹಾಗೆ ನೇರ ಹೋಯಿತು. ಕುಳಿಯ ಅಂಚಿಗೆ ಹೋಗಿ ನಿಂತುಬಿಟ್ಟಿತು. ಸೀಸದ ಪಟ್ಟಿ ಇನ್ನೊಂದು ಹಾಕಬೇಕಿತ್ತೇನೋ ಎಂದುಕೊಂಡೆ.

"ಥೂ ನಿನ್ನ! ಸ್ಟಾಪ್ ಬರೋಕೆ ಮುಂಚೆ ಬ್ರೇಕ್ ಹಾಕಿದ್ಯಲ್ಲೋ!"

"ಎಡಕ್ಕೆ ಹೋಯ್ತಾ?"

ಮೀಸೆಯವರು ಬಗ್ಗಿ, ಚೆಂಡನ್ನೂ ಕುಳಿಯನ್ನೂ ನೋಡಿ, ಸೊಂಟ ಹಿಡಿದುಕೊಂಡು ಎದ್ದರು. "ಇಲ್ಲ. ಎಡಕ್ಕೆ ಹೋಗ್ಲಿಲ್ಲ."

"ಮತ್ತೆ?"

"ಮತ್ತೇನು, ರೈಟ್ ರೈಟ್, ಗಾಡಿ ಬಿಡು. ಮುಂದಿನ ಶನಿವಾರ ಬೇಗ ಬಂದು ಸಾಯಿ. ಅಳಿಯನಿಗೆ ಏನೋ ಒಂದು ಹೇಳ್ತೀನಿ."

ಸಂಜೆ ಮನೆಯಲ್ಲಿ ಮಾವ ಮುಖ ತೊಳೆದು ಕನ್ನಡಿಯ ಮುಂದೆ ನಿಂತಿದ್ದರು. ಅತ್ತೆ ಬಟ್ಟೆ ಮಡಚುತ್ತಿದ್ದರು, ನಾನು ಕಾಲು ನೀಡಿ ಕೂತಿದ್ದೆ.

"ಈ ಮೊಳೆ ಅಲ್ಲಾಡ್ತಿದೆ," ಎಂದರು ಮಾವ. "ಹೊಡೆದೋರು ಸರಿಯಾಗಿ ಹೊಡೆದಿಲ್ಲ."

ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಾವ ಕನ್ನಡಿಯನ್ನು ಅಂಗೈಯಿಂದ ಒತ್ತಿ ನೇರಮಾಡಿ, ತಲೆ ಬಾಚಿಕೊಂಡು, ಮಲಗಲು ಹೋದರು.

ಅವರಿಗೆ ಪ್ಯಾಂಟು, ತೋಳು, ಕನ್ನಡಿ ಎಲ್ಲ ಮೊದಲಿನಿಂದಲೂ ತಿಳಿದಿತ್ತೋ, ಅಥವಾ ಆ ಮೊಳೆಯೊಂದೇ ಕಣ್ಣಿಗೆ ಬಿದ್ದಿತ್ತೋ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಅತ್ತೆಗೂ ಬಂದಿಲ್ಲ. ಅವರು ನಿವೃತ್ತರಾದಾಗ ನಾನು ತೆಗೆದ ಮೊದಲ ಅಳತೆ ಸರಿಯಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ.